ಕೆಂಗೇರಿ ಮೋರಿಗೂ ಒಂದು ಹೆಸರಿತ್ತು: ಬೆಂಗಳೂರು ಕುಡಿದ ನೀರು, ರಾಮನಗರಕ್ಕೆ ಬಂದ ನೀರು

ಈ ವಾರದ್ದೂ ಇತಿಹಾಸದ ಕಂತೇ. ಆದರೆ ಇದರಲ್ಲಿ ಕೋಟೆ ಇಲ್ಲ, ಯುದ್ಧ ಇಲ್ಲ, ಮೋರಿ ಇದೆ. ಊಟ ಮಾಡ್ತಾ ಕೇಳ್ತಿದ್ದರೆ ಇಲ್ಲೇ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ಕೇಳಿ. ನಾನು ಎಲ್ಲಿಗೂ ಹೋಗಲ್ಲ.

ಚನ್ನಪಟ್ಟಣ, ರಾಮನಗರದ ಕಡೆಯಿಂದ ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಬಸ್ಸಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತೆ. ಕಣ್ಣು ಮುಚ್ಚಿ ಮಲಗಿದ್ದರೂ ಕೆಂಗೇರಿ ಬಂತು ಅಂತ ಮೂಗು ಹೇಳ್ತಿತ್ತು. ಕಿಟಕಿ ಪಕ್ಕ ಕೂತವರು ಒಬ್ಬರಾದ ಮೇಲೆ ಒಬ್ಬರು ಗಾಜು ಎಳೆಯೋರು. ಹೆಂಗಸರು ಸೆರಗು ಮೂಗಿಗೆ ಹಿಡಿಯೋರು. ಕಂಡಕ್ಟರ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಟಿಕೆಟ್ ಹರಿಯೋರು. ಅದರ ಹೆಸರೇ ‘ಕೆಂಗೇರಿ ಮೋರಿ’ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅದು ಮೋರಿ ಅಲ್ಲ, ಹೊಳೆ. ಅದಕ್ಕೆ ವೃಷಭಾವತಿ ಅನ್ನೋ ಚೆಂದದ ಹೆಸರಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟುತ್ತೆ ಅನ್ನೋ ನಂಬಿಕೆಯೂ ಇದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇರೋದು ಇದೇ ಹೊಳೆಯ ದಂಡೆ ಮೇಲೆ. ಯಾರೂ ಮೋರಿ ದಂಡೆ ಮೇಲೆ ದೇವಸ್ಥಾನ ಕಟ್ಟಲ್ಲ ಅಲ್ವಾ? ಅಂದರೆ ಕಟ್ಟಿದಾಗ ಅದು ಮೋರಿ ಆಗಿರಲಿಲ್ಲ.

ಈಗ ತಲೆಯಲ್ಲೇ ಒಂದು ನಕ್ಷೆ ಬಿಡಿಸಿಕೊಳ್ಳಿ. ನಂದಿಬೆಟ್ಟದಲ್ಲಿ ಅರ್ಕಾವತಿ ಹುಟ್ಟುತ್ತೆ. ಬೆಂಗಳೂರಿನ ಪಶ್ಚಿಮದ ಅಂಚಿನಲ್ಲೇ ಕೆಳಗಿಳಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ ಪಟ್ಟಣದ ನಡುವೆ ಹಾದು, ಕನಕಪುರಕ್ಕೆ ಹೋಗುತ್ತೆ. ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ವೃಷಭಾವತಿ ಇದರ ತಂಗಿ ಇದ್ದ ಹಾಗೆ. ಬೆಂಗಳೂರಿನ ಹೊಟ್ಟೆಯೊಳಗೆ ಹುಟ್ಟಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತೆ. ಅಲ್ಲಿಂದ ಕನಕಪುರ ತಾಲ್ಲೂಕಿಗೆ ಇಳಿದು ಅಕ್ಕನನ್ನು ಸೇರುತ್ತೆ. ಅಕ್ಕ ಹಳ್ಳಿಗಾಡಿನ ದಾರಿ ಹಿಡಿದಳು, ತಂಗಿ ಪೇಟೆಯೊಳಗಿಂದ ಬಂದಳು. ಇಬ್ಬರನ್ನೂ ಒಂದೇ ಊರು ಬಳಸಿಕೊಂಡಿತು, ಆದರೆ ಬೇರೆ ಬೇರೆ ಕೆಲಸಕ್ಕೆ.

ಮೊದಲು ಅಕ್ಕನ ಕಥೆ.

19ನೇ ಶತಮಾನದ ಕೊನೆವರೆಗೂ ಬೆಂಗಳೂರು ತನ್ನ ಕೆರೆ, ಬಾವಿಗಳನ್ನೇ ನಂಬಿಕೊಂಡಿತ್ತು. ಜನ ಜಾಸ್ತಿ ಆದರು, ಮಳೆ ಕೈ ಕೊಟ್ಟ ವರ್ಷಗಳು ಬಂದವು, ಕೆರೆಗಳು ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯನ್ನು ಹೆಸರಘಟ್ಟದಲ್ಲಿ ಹಿಡಿದು ನಿಲ್ಲಿಸಿ, ಸೋಲದೇವನಹಳ್ಳಿಯಲ್ಲಿ ಉಗಿ ಪಂಪು ಇಟ್ಟು ಊರಿಗೆ ಎತ್ತಿದರು. 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂತು. ಯೋಜನೆಗೆ ಇಟ್ಟ ಹೆಸರು ಚಾಮರಾಜೇಂದ್ರ ವಾಟರ್ ವರ್ಕ್ಸ್. 1920ರ ದಶಕದಲ್ಲಿ ಹೆಸರಘಟ್ಟ ಕೆರೆ ಬತ್ತಿತು. ಆಗ ಅದೇ ಹೊಳೆಯಲ್ಲಿ ಇನ್ನೂ ಕೆಳಗೆ, ಕುಮುದ್ವತಿ ಬಂದು ಸೇರೋ ಜಾಗದಲ್ಲಿ, ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿ ಹತ್ತಿರ ಅಣೆಕಟ್ಟು ಕಟ್ಟಿದರು. 1933ರಲ್ಲಿ ನೀರು ಬಂತು. ಇದರ ಹೆಸರು ಚಾಮರಾಜ ಸಾಗರ. ಆಮೇಲೆ ಹತ್ತಿರಹತ್ತಿರ 40 ವರ್ಷ ಬೆಂಗಳೂರಿನ ದೊಡ್ಡ ಆಸರೆ ಇದೇ.

ಹೆಸರುಗಳನ್ನು ಗಮನಿಸಿದ್ರಾ? ನೀರು ತರೋ ಕಾಮಗಾರಿಗೆಲ್ಲ ಮಹಾರಾಜರ ಹೆಸರು, ಕಲ್ಲು, ಶಾಸನ, ಉದ್ಘಾಟನೆ. ಬಂದ ನೀರು ಬಚ್ಚಲಿನಿಂದ ಆಚೆ ಹೋಗೋ ದಾರಿಗೆ? ಅದಕ್ಕೆ ಯಾರ ಹೆಸರೂ ಇಲ್ಲ. ಹೆಸರು ಇಡೋದಿರಲಿ, ಬಹಳ ದಿನ ದಾರಿಯನ್ನೇ ಯಾರೂ ಕಟ್ಟಲಿಲ್ಲ.

ಕೊಳಾಯಿ ಬಂದ ಎರಡೇ ವರ್ಷಕ್ಕೆ, 1898ರ ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದಿದ್ದು ಆ ಹೆದರಿಕೆಯಲ್ಲಿ. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಮಲ ಹೊರೋರು ಬಂದು ಹೋಗೋಕೆ ಅಂತಲೇ ಒಂದು ಓಣಿ. ಹಳೇ ಬಡಾವಣೆಗಳಲ್ಲಿ ‘ಕನ್ಸರ್ವೆನ್ಸಿ’ ಅಂತ ಈಗಲೂ ಕರೀತಾರಲ್ಲ, ಅದು. ನಗರದ ಸ್ವಚ್ಛತೆ ಅಂದರೆ ಆ ಕಾಲಕ್ಕೆ ಒಂದು ಜಾತಿಯ ಜನರ ಬೆನ್ನು ಮತ್ತು ತಲೆ. ಒಳಚರಂಡಿ ಕೊಳವೆ ಹಾಕೋ ಕೆಲಸ ಶುರುವಾಗಿದ್ದು 1920ರ ದಶಕದಲ್ಲಿ. ಕೊಳವೆ ಹಾಕಿದರು, ಸರಿ. ಆ ಕೊಳವೆಯ ಇನ್ನೊಂದು ತುದಿ ಎಲ್ಲಿ?

ಇಲ್ಲಿ ಬೆಂಗಳೂರಿನ ನೆಲದ ಒಂದು ಗುಟ್ಟು ಹೇಳಬೇಕು. ಊರು ಇರೋದು ದಿಣ್ಣೆ ಮೇಲೆ. ದಿಣ್ಣೆಯ ಆ ಕಡೆ ಬಿದ್ದ ನೀರು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಈ ಕಡೆ ಬಿದ್ದದ್ದು ವೃಷಭಾವತಿ ಕಣಿವೆಗೆ, ಅಂದರೆ ನಮ್ಮ ಜಿಲ್ಲೆಗೆ. ಮೆಜೆಸ್ಟಿಕ್, ರಾಜಾಜಿನಗರ, ವಿಜಯನಗರ, ಬಸವನಗುಡಿಯ ಬಹುಪಾಲು, ಇವೆಲ್ಲ ಈ ಕಣಿವೆ. ಇಳಿಜಾರು ಇದ್ದ ಮೇಲೆ ಪಂಪು ಬೇಡ, ಕರೆಂಟ್ ಬೇಡ, ಬಿಲ್ಲು ಬೇಡ. ತಾನಾಗೇ ಹೋಗುತ್ತೆ. ಪುಕ್ಕಟೆ ಹೋಗೋದಕ್ಕೆ ಯಾವ ನಗರಸಭೆ ತಲೆ ಕೆಡಿಸಿಕೊಳ್ಳುತ್ತೆ?

ಇದೇ ಹೊತ್ತಿಗೆ, 1940ರ ದಶಕದ ಆರಂಭದಲ್ಲಿ, ಬೈರಮಂಗಲದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕೆರೆ ಕಟ್ಟಿದರು. ಮೈಸೂರು ಸಂಸ್ಥಾನ ಸಣ್ಣ ಹೊಳೆಗಳಿಗೆಲ್ಲ ಒಡ್ಡು ಹಾಕ್ತಿದ್ದ ಕಾಲ ಅದು. ನಮ್ಮ ಪಕ್ಕದ ಚನ್ನಪಟ್ಟಣದ ಕಣ್ವ ಜಲಾಶಯ ಕೂಡ 1946ರದ್ದು. ಬೈರಮಂಗಲ ಕಟ್ಟಿದ್ದು ಕೊಳಚೆ ತುಂಬೋದಕ್ಕಲ್ಲ. ಭತ್ತ ಬೆಳೆಯೋದಕ್ಕೆ, ಎಡದಂಡೆ ಬಲದಂಡೆ ಕಾಲುವೆ ತೆಗೆದು ಬಯಲಿಗೆ ನೀರು ಕೊಡೋದಕ್ಕೆ. ಮೀನು ಹಿಡೀತಿದ್ರು, ಈಜು ಹೊಡೀತಿದ್ರು, ಕುಡಿಯೋಕೂ ಒಯ್ತಿದ್ರು ಅಂತ ಆ ಕಡೆಯ ಯಾವ ಹಿರಿಯರನ್ನು ಕೇಳಿದರೂ ಹೇಳ್ತಾರೆ. ಹೇಳೋವಾಗ ಮಕ್ಕಳು ನಂಬಲ್ಲ ಅನ್ನೋದೇ ಅವರಿಗೆ ಬೇಜಾರು.

ಹಾಗಾದರೆ ಕೆಟ್ಟಿದ್ದು ಯಾವಾಗ? ಒಂದು ದಿನದಲ್ಲಿ ಆಗಿದ್ದಲ್ಲ. ಆದರೂ ಒಂದು ವರ್ಷ ಆರಿಸು ಅಂದರೆ ನಾನು 1974 ಅಂತೀನಿ.

ಆ ವರ್ಷ ಮೂರು ವಿಷಯ ನಡೆದವು. ಒಂದು, ಕಾವೇರಿ ಮೊದಲನೇ ಹಂತದ ನೀರು ಬೆಂಗಳೂರಿಗೆ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪು ಮನೆಗಳ ಮೂಲಕ, ಕನಕಪುರ ರಸ್ತೆಯ ಪಕ್ಕದಲ್ಲೇ ಕೊಳವೆ. ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ. ಎರಡು, ದೆಹಲಿಯಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಪಾಸಾಯ್ತು. ಮೂರು, ಆ ಕಾಯ್ದೆಯಡಿ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ನೀರೂ ಬಂತು, ಕಾನೂನೂ ಬಂತು, ಕಾವಲುಗಾರನೂ ಬಂದ. ನೀರು ಮಾತ್ರ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡಿತು.

ಲೆಕ್ಕ ಸರಳ. ಮನೆಗೆ 100 ಲೀಟರ್ ನೀರು ಬಂದರೆ ಸುಮಾರು 80 ಲೀಟರ್ ಕೊಳಚೆಯಾಗಿ ಹೊರಗೆ ಬರುತ್ತೆ. ಎಂಜಿನಿಯರುಗಳು ಚರಂಡಿ ವಿನ್ಯಾಸಕ್ಕೆ ಹಿಡಿಯೋ ಅಂದಾಜೇ ಅದು. ಹಾಗಾಗಿ ಕಾವೇರಿಯ ಪ್ರತಿ ಹಂತ ಉದ್ಘಾಟನೆ ಆದಾಗಲೂ ಕೊಳಚೆಯ ಒಂದು ಹಂತವೂ ಸದ್ದಿಲ್ಲದೆ ಉದ್ಘಾಟನೆ ಆಯ್ತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯ್ತಲ್ಲ, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಅದರಲ್ಲಿ ಎಲ್ಲವೂ ನಮ್ಮ ಕಡೆ ಬರಲ್ಲ, ಮೂರು ಕಣಿವೆಗೆ ಹಂಚಿಹೋಗುತ್ತೆ. ಆದರೂ ಯೋಚನೆ ಮಾಡಿ. ಕನಕಪುರ ರಸ್ತೆ ಪಕ್ಕ ಹೊಲ ಇರೋ ರೈತನ ಕಣ್ಣೆದುರಿಗೇ ಕಾವೇರಿ ಕೊಳವೆಯಲ್ಲಿ ಬೆಂಗಳೂರಿಗೆ ಹತ್ತಿ ಹೋಗುತ್ತೆ, ಬೈರಮಂಗಲದ ಕಡೆಯಿಂದ ನೊರೆಯಾಗಿ ಇಳಿದು ವಾಪಸ್ ಬರುತ್ತೆ.

ಶುದ್ಧೀಕರಣ ಘಟಕ ಇರಲಿಲ್ವಾ ಅಂದರೆ, ಇತ್ತು. ಮೈಸೂರು ರಸ್ತೆಯಲ್ಲಿ ವೃಷಭಾವತಿ ಕಣಿವೆಯ ಘಟಕ 1970ರ ದಶಕದ್ದೇ. ಇಲ್ಲಿ ಸ್ವಲ್ಪ ಅಡುಗೆಮನೆ ಭಾಷೆಯಲ್ಲಿ ಹೇಳ್ತೀನಿ. ಕೊಳಚೆ ನೀರಿಗೆ ಮೂರು ಮಟ್ಟದ ಶುದ್ಧೀಕರಣ ಇದೆ. ಮೊದಲನೆಯದು ಅಕ್ಕಿ ತೊಳೆದು ನೀರು ಬಸಿದ ಹಾಗೆ, ಕಸಕಡ್ಡಿ ತೆಗೆದು, ಕೆಸರು ತಳಕ್ಕೆ ಕೂರೋದಕ್ಕೆ ಬಿಡೋದು, ಅಷ್ಟೇ. ಎರಡನೆಯದು ದೋಸೆ ಹಿಟ್ಟು ಹುದುಗೋ ಹಾಗೆ, ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ಅವುಗಳ ಕೈಲಿ ಕೊಳಕು ತಿನ್ನಿಸೋದು. ಮೂರನೆಯದರಲ್ಲಿ ರಂಜಕ, ಸಾರಜನಕ ತೆಗೆದು, ಸೋಸಿ, ರೋಗಾಣು ಕೊಲ್ಲೋದು. ಬೆಂಗಳೂರು ಮೊದಲು ಅಕ್ಕಿ ತೊಳೆಯೋದರಲ್ಲೇ ನಿಂತಿತ್ತು. ಮುಂದಿನ ಮಟ್ಟಕ್ಕೆ ಹೋಗೋ ಹೊತ್ತಿಗೆ ಊರು ಘಟಕಕ್ಕಿಂತ ಬಹಳ ದೊಡ್ಡದಾಗಿತ್ತು. ಎಷ್ಟೋ ಬಡಾವಣೆಗಳ ಕೊಳಚೆ ಘಟಕಕ್ಕೆ ಹೋಗದೆ ರಾಜಕಾಲುವೆಗೇ ನೇರ ಬಿದ್ದು ಹೊಳೆ ಸೇರ್ತಿತ್ತು.

ಮನೆಯ ಕೊಳಚೆ ಒಂದೇ ಆಗಿದ್ದರೆ ಕಥೆ ಬೇರೆ ಇರ್ತಿತ್ತು. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರು ಇಳಿಯೋದೂ ಇದೇ ಕಣಿವೆಗೆ. ಲೋಹಕ್ಕೆ ಬಣ್ಣ ಹಾಕೋದು, ಲೇಪ ಹಾಕೋದು, ಆಸಿಡ್‌ನಲ್ಲಿ ತೊಳೆಯೋದು, ಇಂಥ ಕೆಲಸಗಳಿಂದ ಬರೋ ಭಾರ ಲೋಹಗಳನ್ನು ಬ್ಯಾಕ್ಟೀರಿಯಾ ತಿನ್ನಲ್ಲ. ದೋಸೆ ಹಿಟ್ಟಿಗೆ ಮೊಳೆ ಹಾಕಿದರೆ ಮೊಳೆ ಹುದುಗುತ್ತಾ? ಅದು ಹೊಳೆಯ ತಳದ ಕೆಸರಲ್ಲಿ, ಕೆರೆಯ ಹೂಳಲ್ಲಿ, ಆಮೇಲೆ ಗದ್ದೆ ಮಣ್ಣಲ್ಲಿ ಕೂರುತ್ತೆ. ನೊರೆ ನೋಡಿ ಎಲ್ಲರೂ ಫೋಟೋ ತೆಗೀತಾರೆ. ಸೋಪು, ಡಿಟರ್ಜೆಂಟಿನ ಅಂಶ ಇರೋ ನೀರು ಕೋಡಿಯಿಂದ ಧುಮುಕಿದಾಗ ನೊರೆ ಏಳುತ್ತೆ, ಗಾಳಿ ಬಂದರೆ ರಸ್ತೆಗೂ ಹಾರುತ್ತೆ. ಆದರೆ ನನ್ನ ಕೇಳಿದರೆ ನೊರೆ ಪ್ರಾಮಾಣಿಕ. ಕಣ್ಣಿಗೆ ಕಾಣುತ್ತೆ. ಹೆದರಬೇಕಾದ್ದು ಕಾಣದೆ ಇರೋದಕ್ಕೆ.

ಬೈರಮಂಗಲದ ರೈತರು ಏನು ಮಾಡಿದರು ಅನ್ನೋದು ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸೋ ಭಾಗ. ಅವರು ಊರು ಬಿಟ್ಟು ಹೋಗಲಿಲ್ಲ. ಬೆಳೆ ಬದಲಾಯಿಸಿದರು. ಆ ನೀರಿಗೆ ಭತ್ತ ಸರಿಯಾಗಿ ಬರಲಿಲ್ಲ. ಸೊಪ್ಪು ಸೊಂಪಾಗಿ ಬೆಳೆದು ಮಲಗೋದು, ಕಾಳು ಕಟ್ಟದು. ಅದಕ್ಕೆ ಸೀಮೆಹುಲ್ಲು, ಬೇಬಿಕಾರ್ನ್ ಹಾಕಿದರು. ಹುಲ್ಲು ಹಾಕಿದ ಮೇಲೆ ಹಸು ಬಂದವು, ಹಸು ಬಂದ ಮೇಲೆ ಡೈರಿಗೆ ಹಾಲು. ಕೊಳಚೆಯಲ್ಲಿ ಸಾರಜನಕ, ರಂಜಕ ತುಂಬಿರುತ್ತೆ, ಗೊಬ್ಬರದ ಖರ್ಚು ಉಳಿಯುತ್ತೆ. ಅದಕ್ಕಿಂತ ಮುಖ್ಯ, ಬೇಸಿಗೆಯಲ್ಲೂ ನಿಲ್ಲಲ್ಲ. ಸುತ್ತ ಸಾವಿರ ಅಡಿ ಬೋರ್‌ವೆಲ್ ಕೊರೆದು ಧೂಳು ನೋಡೋ ತಾಲ್ಲೂಕುಗಳ ನಡುವೆ ಇವರಿಗೆ ಮಾತ್ರ ವರ್ಷವಿಡೀ ನೀರು. ‘ಮರುಬಳಕೆ’ ಅನ್ನೋ ಪದ ಸರ್ಕಾರಿ ಕಡತಕ್ಕೆ ಬರೋ ಎಷ್ಟೋ ಮುಂಚೆ ಇವರು ಮರುಬಳಕೆ ಮಾಡ್ತಿದ್ದರು. ಯಾರೂ ಕೇಳದೆ, ಯಾರೂ ಪರೀಕ್ಷೆ ಮಾಡದೆ, ಕೈಗೆ ಗ್ಲೌಸ್ ಇಲ್ಲದೆ. ಮೈ ತುರಿಕೆ, ಸೊಳ್ಳೆ, ಕೆಟ್ಟ ಅಂತರ್ಜಲ ಅವರ ಪಾಲಿಗೆ. ಹಾಲು, ಬೇಬಿಕಾರ್ನ್ ಬೆಂಗಳೂರಿನ ಪಾಲಿಗೆ. ಗೋಬಿ ಮಂಚೂರಿ ಅಂಗಡಿಯಲ್ಲಿ ಬೇಬಿಕಾರ್ನ್ ಮಂಚೂರಿ ತಿನ್ನೋವಾಗ ಅದು ಯಾವ ಕಾಲುವೆಯದ್ದು ಅಂತ ಯಾರು ಕೇಳ್ತಾರೆ?

ರೈತರನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. ಅವರಿಗೆ ಬೇರೆ ನೀರು ಯಾರೂ ಕೊಡಲಿಲ್ಲ.

ಆ ಕಡೆ ಅಕ್ಕ ಅರ್ಕಾವತಿಗೆ ಬೇರೆಯೇ ಕಾಯಿಲೆ. ತಂಗಿಗೆ ನೀರು ಹೆಚ್ಚಾಯ್ತು, ಅಕ್ಕನಿಗೆ ನೀರೇ ಇಲ್ಲ. ತಿಪ್ಪಗೊಂಡನಹಳ್ಳಿಗೆ ಒಳಹರಿವು ವರ್ಷದಿಂದ ವರ್ಷಕ್ಕೆ ಇಳೀತಾ ಬಂತು. ಮಳೆ ಕಡಿಮೆ ಆಗಿದೆ ಅಂತ ಎಲ್ಲರೂ ಹೇಳ್ತಿದ್ದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯನ್ನು ದೂರಬೇಡಿ ಅಂದರು. ಬೋರ್‌ವೆಲ್‌ಗಳು ನೆಲದಡಿಯ ನೀರು ಹೀರಿದ್ದು, ಜಲಾನಯನದಲ್ಲಿ ಹಬ್ಬಿದ ನೀಲಗಿರಿ ತೋಪುಗಳು, ಇವೇ ಹೆಚ್ಚು ಸಾಧ್ಯತೆಯ ಕಾರಣಗಳು ಅನ್ನೋದು ಅವರ ವಾದ. ನದಿ ಉಳಿಸೋಕೆ ಸರ್ಕಾರ 2003ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿ ಜಲಾನಯನವನ್ನು ನಾಲ್ಕು ವಲಯ ಮಾಡಿ ಕಟ್ಟಡ, ಕೈಗಾರಿಕೆಗೆ ಮಿತಿ ಹಾಕಿತ್ತು. ಆಮೇಲೆ ಅದನ್ನೂ ಸಡಿಲ ಮಾಡಿದರು. ಕುಡಿಯೋ ನೀರಿಗೆ ಅಂತ ಕಟ್ಟಿದ ಚಾಮರಾಜ ಸಾಗರದಿಂದ ಬೆಂಗಳೂರಿಗೆ ನೀರು ಕೊಡೋದೇ ನಿಂತುಹೋಯ್ತು.

ಎಲ್ಲ ಪಾಪವೂ ಬೆಂಗಳೂರಿನದ್ದೇ ಅಂದರೆ ಅದು ಸುಳ್ಳಾಗುತ್ತೆ. ರಾಮನಗರ ರೇಷ್ಮೆ ಊರು, ಇಲ್ಲಿನ ಗೂಡಿನ ಮಾರುಕಟ್ಟೆ ಏಷ್ಯಾಕ್ಕೇ ದೊಡ್ಡದು ಅಂತ ಹೆಮ್ಮೆಯಿಂದ ಹೇಳ್ತೀವಿ. ಗೂಡು ಬೇಯಿಸಿದ ನೀರು ಎಲ್ಲಿ ಹೋಗುತ್ತೆ? ನೂಲು ಬಿಚ್ಚಿದ ಮೇಲೆ ಉಳಿಯೋ ಆ ಹುಳುವಿನ ವಾಸನೆಯ ಕಂದು ನೀರು ಎಷ್ಟೋ ವರ್ಷ ಓಣಿ ಚರಂಡಿ ಹಿಡಿದು ಅರ್ಕಾವತಿಗೇ ಹೋಯ್ತು. ಜೊತೆಗೆ ಪಟ್ಟಣದ ಮನೆ ಕೊಳಚೆ, ಕಸ. ಮಂಚನಬೆಲೆಯಿಂದ ಕೆಳಗೆ ಹೊಳೆಯಲ್ಲಿ ನೀರೇ ಇಲ್ಲದ ತಿಂಗಳುಗಳಲ್ಲಿ ರಾಮನಗರ ಸೇತುವೆ ಕೆಳಗೆ ಹರಿಯೋದು ನಮ್ಮದೇ ಬಚ್ಚಲ ನೀರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಅರ್ಕಾವತಿ ಹೆಸರೂ ಬಂತು.

ಪರಿಹಾರ ಅಂತ ಬಂದದ್ದು ಏನು? ಬೈರಮಂಗಲಕ್ಕೆ ಒಂದು ಕಾಲುವೆ. ಕೊಳಚೆ ನೀರು ಕೆರೆಗೆ ಬೀಳದ ಹಾಗೆ ಪಕ್ಕದಲ್ಲಿ ಕಾಂಕ್ರೀಟ್ ಕಾಲುವೆ ಮಾಡಿ ಕೆರೆ ದಾಟಿಸಿ ಮತ್ತೆ ಹೊಳೆಗೆ ಬಿಡೋದು, ಆಮೇಲೆ ಕೆರೆಗೆ ಒಳ್ಳೆ ನೀರು ತುಂಬೋದು. ಕೆರೆ ಪಕ್ಕದವರಿಗೆ ಇದು ಸರಿ ಅನ್ನಿಸಿತು, ಇಷ್ಟು ವರ್ಷ ಅನುಭವಿಸಿದ್ದಾರೆ. ಕೆಳಗಿನ ಊರಿನವರು, ಪರಿಸರದವರು ಕೇಳಿದ ಪ್ರಶ್ನೆಯೂ ಸರಿ. ಕೆರೆಯಲ್ಲಿ ನಿಂತಾಗ ಸ್ವಲ್ಪವಾದರೂ ಹೂಳು ಕೂತು ನೀರು ತಿಳಿಯಾಗ್ತಿತ್ತು, ಈಗ ಹಸಿ ಹಸಿಯಾಗಿ ಕನಕಪುರಕ್ಕೆ ಕಳಿಸ್ತೀರಾ? ಬೆಂಗಳೂರು ಬೈರಮಂಗಲಕ್ಕೆ ಮಾಡಿದ್ದನ್ನೇ ಬೈರಮಂಗಲ ಕನಕಪುರಕ್ಕೆ ಮಾಡಬೇಕಾದ ಪರಿಸ್ಥಿತಿ. ನನಗೆ ಆ ಕಾಲುವೆ ಇಷ್ಟವಿಲ್ಲ. ಕಾಯಿಲೆ ಇರೋದು ಮೈಸೂರು ರಸ್ತೆಯಲ್ಲಿ, ಆಪರೇಷನ್ ಮಾಡಿದ್ದು ಬಿಡದಿಯಲ್ಲಿ. ಮೂಲದಲ್ಲಿ ಘಟಕಗಳು ಹೆಚ್ಚಾಗ್ತಿವೆ, ನಿಜ. ಆದರೆ ಕಾರ್ಖಾನೆ ನೀರು ಮತ್ತು ಮನೆ ನೀರು ಬೇರೆ ಬೇರೆ ಆಗೋವರೆಗೂ ಯಾವ ಘಟಕವೂ ಪೂರ್ತಿ ಕೆಲಸ ಮಾಡಲ್ಲ.

ನೀರಷ್ಟೇ ಅಲ್ಲ, ಈಗ ಕಸವೂ ಬರ್ತಿದೆ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಬಿಬಿಎಂಪಿ ಸೇರಿ 11.5 ಮೆಗಾವಾಟ್‌ನ ಘಟಕ ಕಟ್ಟಿವೆ. ಬೆಂಗಳೂರಿನ 600 ಟನ್ ಕಸವನ್ನು ದಿನವೂ ಸುಟ್ಟು ಕರೆಂಟ್ ಮಾಡೋ ಲೆಕ್ಕ. ಅದರ ಬಗ್ಗೆ ಬೇರೆ ಕಂತೇ ಮಾಡಬೇಕು. 2025ರ ಮೇನಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಂಪುಟ ಒಪ್ಪಿತು. ಹೆಸರು ಈಗ ಬಂತು, ಕೊಳಚೆ 50 ವರ್ಷ ಮುಂಚೆಯೇ ಬಂದಿತ್ತು ಅಂತ ಬಿಡದಿಯ ಟೀ ಅಂಗಡಿಯಲ್ಲಿ ತಮಾಷೆ ಮಾಡೋರಿದ್ದಾರೆ. ಅದೇ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯ್ತಿಗಳ ಜಮೀನಿನಲ್ಲಿ ಈಗ ದೊಡ್ಡ ಟೌನ್‌ಶಿಪ್ ಯೋಜನೆ, ಅದರ ವಿರುದ್ಧ ರೈತರ ಧರಣಿ. ಕೊಳಚೆ ನೀರಲ್ಲೇ ಹಸು ಸಾಕಿ ಬದುಕು ಕಟ್ಟಿಕೊಂಡ ನೆಲ ಅದು.

ಇನ್ನೊಂದೇ ವಿಷಯ ಹೇಳಿ ಮುಗಿಸ್ತೀನಿ. ನಕ್ಷೆ ಇನ್ನೂ ತಲೆಯಲ್ಲಿದೆ ತಾನೇ? ಬೈರಮಂಗಲ ದಾಟಿದ ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಹಾರೋಬೆಲೆ ಜಲಾಶಯ ದಾಟಿ ಸಂಗಮದಲ್ಲಿ ಕಾವೇರಿಗೆ. ಬೆಂಗಳೂರಿನವರು ಭಾನುವಾರ ಬಂದು ಕಾಲು ಅದ್ದಿ, ತೆಪ್ಪದಲ್ಲಿ ಕೂತು ಫೋಟೋ ತೆಗೆಸಿಕೊಳ್ಳೋ ಜಾಗ ಅದು. ಈಗ ಬೆಂಗಳೂರಿಗೆ ಕಾವೇರಿ ಎತ್ತೋದು ಇದಕ್ಕಿಂತ ಮೇಲೆ, ಹಾಗಾಗಿ ಊರು ತನ್ನ ಕೊಳಚೆಯನ್ನು ತಾನು ಕುಡಿಯಲ್ಲ. ಕೆಳಗೆ ಹೊಗೇನಕಲ್ ಇದೆ, ಅಲ್ಲಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕುಡಿಯೋ ನೀರು ಹೋಗುತ್ತೆ. ಕರ್ನಾಟಕ ಕಾವೇರಿ ಮತ್ತು ಪೆಣ್ಣೈಯಾರ್ ನೀರನ್ನು ಕೆಡಿಸ್ತಿದೆ ಅಂತ ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ನಾವು ಟಿಎಂಸಿ ಎಷ್ಟು ಬಿಡಬೇಕು ಅನ್ನೋದಕ್ಕೆ ರಸ್ತೆ ತಡೀತೀವಿ. ಬಿಡೋ ನೀರು ಹೇಗಿದೆ ಅನ್ನೋದಕ್ಕೆ ಯಾರೂ ರಸ್ತೆಗೆ ಇಳಿದಿದ್ದು ನಾನು ನೋಡಿಲ್ಲ.

ಮೇಕೆದಾಟು ಯೋಜನೆ ಗೊತ್ತಲ್ಲ, 2022ರ ಜನವರಿಯಲ್ಲಿ ಸಂಗಮದಿಂದಲೇ ಪಾದಯಾತ್ರೆ ಹೊರಟಿತ್ತು. 67.16 ಟಿಎಂಸಿ ಹಿಡಿಯೋ ಅಣೆಕಟ್ಟು, ಅದರಿಂದ 4.75 ಟಿಎಂಸಿ ಬೆಂಗಳೂರಿಗೆ ಕುಡಿಯೋದಕ್ಕೆ. ಆ ಅಣೆಕಟ್ಟಿಗೆ ಗುರುತು ಮಾಡಿರೋ ಜಾಗ ಸಂಗಮಕ್ಕಿಂತ ಮೇಲಲ್ಲ, ಕೆಳಗೆ. ಅಂದರೆ ಅಲ್ಲಿ ಕಾವೇರಿಯ ಜೊತೆ ಅರ್ಕಾವತಿಯೂ ನಿಲ್ಲುತ್ತೆ, ಅವಳ ಜೊತೆ ತಂಗಿಯೂ. ಪೀಣ್ಯ, ರಾಜಾಜಿನಗರ, ವಿಜಯನಗರದಿಂದ ಹೊರಟ ನೀರು ನೂರಾರು ಕೋಟಿಯ ಪಂಪು ಹತ್ತಿ, ಕನಕಪುರ ರಸ್ತೆಯ ದಾರಿಯಲ್ಲಿ ಮತ್ತೆ ಅದೇ ಮನೆಗಳ ನಲ್ಲಿಗೆ ಬರುತ್ತೆ.

ನಿಮ್ಮ ಮನೆಯಲ್ಲಿ ಬೈರಮಂಗಲ ಕೆರೆಯಲ್ಲಿ ಈಜಿದ, ಮೀನು ಹಿಡಿದ ತಾತ, ಅಜ್ಜಿ ಯಾರಾದರೂ ಇದ್ದರೆ ಅವರ ಮಾತನ್ನು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಕೆರೆಯ ನೀರು ಯಾವ ಬಣ್ಣ ಇತ್ತು ಅಂತ ಮೊದಲು ಕೇಳಿ. ಮುಂದಿನ ವಾರ ಬಿಡದಿಯ ಕಸದ ಘಟಕದ ಕಥೆ.